ಶೋಶಾಮ್ಮನ ಸವತಿ

ಜುಲೈ ಮೂರಕ್ಕೆ ನಮ್ಮ ಕಲ್ಲಾರ್‌ಕಡವಿನ ಇಗರ್ಜಿಯಲ್ಲಿ ತೋಮಾಶ್ಲೀಹನ ಹಬ್ಬ. ಯೇಸುವಿನ ಹನ್ನೆರಡು ಮಂದಿ ಶಿಷ್ಯರಲ್ಲಿ, ಅಂದರೆ ಶ್ಲೀಹರಲ್ಲಿ, ಒಬ್ಬನಾದ ಈ ತೋಮ ಕಡಲು ದಾಟಿ ನಮ್ಮ ದಡಕ್ಕೇ ಬಂದಿಳಿದ, ಕೊನೆಗೆ ಮೈಲಾಪುರದಲ್ಲಿ ಈಟಿಯ ತಿವಿತಕ್ಕೆ ಪ್ರಾಣ ಬಿಟ್ಟ ಎನ್ನುವುದು ನಮ್ಮವರ ನಂಬಿಕೆಯೂ ಹೌದು, ಹೆಮ್ಮೆಯೂ ಹೌದು. ಆ ದಿನ ಎಂಥ ಮಳೆಯಿದ್ದರೂ ಜನ ಕೊಡೆ ಹಿಡಿದು ಬಂದು ಅವನ ಪ್ರತಿಮೆಯ ಮುಂದೆ ಮೇಣದಬತ್ತಿ ಹಚ್ಚುತ್ತಾರೆ. ಶೋಶಾಮ್ಮ ಮಾತ್ರ ಹಚ್ಚುತ್ತಿರಲಿಲ್ಲ. ಮಾತೆ ಮರಿಯಳಿಗೆ ಹಚ್ಚುವಳು, ಹಾವಿನ ಭಯ ನೀಗಿಸುವ ಗೀವರ್ಗೀಸ್ ಸಂತನಿಗೆ ಹಚ್ಚುವಳು. ತೋಮನ ಮುಂದೆ ಬಂದಾಗ ಮಾತ್ರ ಹೆಗಲ ಮೇಲಿನ ಬಿಳಿ ಬಟ್ಟೆಯನ್ನು ಕೆನ್ನೆಯವರೆಗೆ ಎಳೆದುಕೊಂಡು, ಜಗಳವಾಡಿದ ನೆಂಟರ ಮನೆಯೆದುರು ಹಾದುಹೋಗುವಂತೆ ಹಾದುಹೋಗುವಳು.

ಹೊಸದಾಗಿ ಬಂದ ಪಾದ್ರಿಯೊಬ್ಬರು, ನಮ್ಮ ಮಾತಿನಲ್ಲಿ ಅಚ್ಚ, ಒಮ್ಮೆ ತಡೆದು ಕೇಳಿಯೇಬಿಟ್ಟರಂತೆ.

"ಏನು ಶೋಶಾಮ್ಮಾ, ಶ್ಲೀಹನಿಗೊಂದು ಬತ್ತಿ ಇಲ್ವಾ?"

"ಅವರಿಗೂ ನನಗೂ ಮಾತಿಲ್ಲ ಅಚ್ಚಾ. ನನ್ನ ಸಂಸಾರ ಹಾಳು ಮಾಡಿದ್ದೇ ಅವರು," ಎಂದಳಂತೆ.

ಊರೆಲ್ಲ ಇದನ್ನು ಹೇಳಿಕೊಂಡು ನಕ್ಕಿತು. ಶೋಶಾಮ್ಮ ನಗಿಸಲು ಆಡಿದ ಮಾತಲ್ಲ ಅದು.

ನಾನು ಅವಳ ಪಕ್ಕದ ಮನೆಗೆ ಸೊಸೆಯಾಗಿ ಬರುವ ಹೊತ್ತಿಗೆ ಅವಳಿಗೆ ಐವತ್ತು ದಾಟಿತ್ತು. ಅದಕ್ಕೆ ಮೊದಲಿನದೆಲ್ಲ ಅವಳೇ ಹೇಳಿದ್ದು, ನನ್ನ ಅತ್ತೆ ಹೇಳಿದ್ದು, ಮಿಕ್ಕಿದ್ದು ದೋಣಿ ನಡೆಸುವ ಪೈಲಿ ಹೇಳಿದ್ದು.

ಅವಳ ಗಂಡ ಚುಮ್ಮಾರ್. ಮಾರ್ಗಂಕಳಿ ಕಲಿಸುವ ಆಶಾನ್, ಅಂದರೆ ಗುರು. ನಮ್ಮಲ್ಲಿ ಮದುವೆಯ ಹಿಂದಿನ ಸಂಜೆ ಚಪ್ಪರದಡಿ ದೀಪ ಹಚ್ಚಿಟ್ಟು, ಅದರ ಸುತ್ತ ಹನ್ನೆರಡು ಮಂದಿ ಗಂಡಸರು ತಲೆಗೆ ಕಟ್ಟಿದ ಬಟ್ಟೆಯಲ್ಲಿ ನವಿಲುಗರಿ ಸಿಕ್ಕಿಸಿಕೊಂಡು, ತೋಮಾಶ್ಲೀಹನ ಕಥೆ ಹಾಡುತ್ತ ಕುಣಿಯುವುದೇ ಮಾರ್ಗಂಕಳಿ. ಚುಮ್ಮಾರನಿಗೆ ಅದು ಬಿಟ್ಟರೆ ಬೇರೆ ಲೋಕವಿರಲಿಲ್ಲ. ಮದುವೆಯಾದ ವಾರದಲ್ಲೇ ಯಾವುದೋ ಊರಿನ ಹುಡುಗರಿಗೆ ಹೆಜ್ಜೆ ಕಲಿಸಬೇಕೆಂದು ಹೊರಟ. ಹೊಸ ಸೊಸೆ ಜಗಲಿಯಲ್ಲಿ ನಿಂತು ದೋಣಿ ಮರೆಯಾಗುವವರೆಗೂ ನೋಡಿದಳು. ಆಮೇಲೆ ಒಳಗೆ ಬಂದು ಅತ್ತೆಯನ್ನು ಕೇಳಿದಳು.

"ಅಮ್ಮಚ್ಚೀ, ಇವರು ಯಾವಾಗ್ಲೂ ಹೀಗೇನಾ?"

"ಎರಡು ವರ್ಷದ ಮಗು ಆಗಿದ್ದಾಗ ಜ್ವರ ಬಂದು ಕಣ್ಣು ಮೇಲಾಗಿತ್ತು ಕಣೇ. ಬದುಕಿಸಿಕೊಟ್ರೆ ಇವನು ನಿನ್ನೋನು ಅಂತ ಶ್ಲೀಹನಿಗೆ ಹರಕೆ ಹೊತ್ತಿದ್ದೆ. ನಿನಗೆ ಕೊಡೋ ಮೊದ್ಲೇ ಅವನಿಗೆ ಕೊಟ್ಟಾಗಿದೆ, ಏನ್ಮಾಡ್ಲಿ?"

"ಹಾಗಾದ್ರೆ ನಾನು ಸವತಿ ಇರೋ ಮನೆಗೆ ಬಂದಿದೀನಿ ಅನ್ನಿ!"

ಅತ್ತೆ ನಕ್ಕಳು. ಶೋಶಾಮ್ಮನಿಗೆ ಅಂದು ಹೊತ್ತಿಕೊಂಡ ಉರಿ ಆರಲೇ ಇಲ್ಲ.

ಹೆಣ್ಣೊಬ್ಬಳು ಸವತಿಯಾಗಿದ್ದರೆ ಜುಟ್ಟು ಹಿಡಿಯಬಹುದಿತ್ತು, ತವರಿಗೆ ಹೋಗಿ ಅಣ್ಣಂದಿರನ್ನು ಕರೆತರಬಹುದಿತ್ತು. ಸತ್ತು ಸಾವಿರಾರು ವರ್ಷವಾದ ಸಂತನನ್ನು ಏನು ಮಾಡುವುದು? ಚುಮ್ಮಾರ್ ಊಟಕ್ಕೆ ಕೂತರೆ ತೊಡೆಯ ಮೇಲೆ ಬೆರಳು ತಾಳ ಹಾಕುತ್ತಿರುತ್ತಿತ್ತು. ಶೋಶಾಮ್ಮ ದಿನವಿಡೀ ಕೂಡಿಟ್ಟುಕೊಂಡ ಸುದ್ದಿಗಳನ್ನೆಲ್ಲ ಹೇಳಿ ಮುಗಿಸಿದ ಮೇಲೆ "ಹ್ಞಾಂ? ಏನಂದೆ?" ಎನ್ನುವನು. ಮಗಳು ಹುಟ್ಟಿದ ದಿನವೂ ಅವನು ಯಾವುದೋ ಚಪ್ಪರದಲ್ಲಿದ್ದ. ಬಂದವನು ಮಗುವನ್ನು ಎತ್ತಿಕೊಂಡು ಮೊದಲು ಮಾಡಿದ ಕೆಲಸ, ಅದರ ಕಿವಿಯಲ್ಲಿ ಮಾರ್ಗಂಕಳಿಯ ಮೊದಲ ಸಾಲು ಗುನುಗಿದ್ದು.

"ನನ್ನ ಕೂಸಿನ ಕಿವಿಗೂ ಅವರನ್ನೇ ತುಂಬಿದ್ರಾ?" ಎಂದು ಬಾಣಂತಿ ಹಾಸಿಗೆಯಿಂದಲೇ ಕೂಗಿದ್ದಳಂತೆ.

ಅವರ ಮನೆಗೆ ಗೋಡೆ ಎದ್ದು ನಿಂತಿತ್ತು, ಹೆಂಚು ಬಂದಿರಲಿಲ್ಲ. ಪ್ರತಿ ಮಳೆಗಾಲಕ್ಕೂ ತೆಂಗಿನ ಗರಿ ಹೊದಿಸಿ ದಿನ ದೂಡುತ್ತಿದ್ದರು. ಒಂದು ಸಂಜೆ ಚುಮ್ಮಾರ್ ಜಗಲಿಯಲ್ಲಿ ಕೂತು ಹುಡುಗರಿಗೆ ಕಥೆ ಹೇಳುತ್ತಿದ್ದ. ಚೋಳರಾಜ ಅರಮನೆ ಕಟ್ಟಲೆಂದು ಕೊಟ್ಟ ಹೊನ್ನನ್ನೆಲ್ಲ ತೋಮಾಶ್ಲೀಹಾ ಬಡವರಿಗೆ ಹಂಚಿಬಿಟ್ಟ. ರಾಜ ಸಿಟ್ಟಿನಿಂದ ಸೆರೆಗೆ ತಳ್ಳಿದ. ಅಷ್ಟರಲ್ಲಿ ಸತ್ತ ರಾಜನ ತಮ್ಮ ಸ್ವರ್ಗಕ್ಕೆ ಹೋಗಿ ನೋಡಿದರೆ, ಅಲ್ಲಿ ಅಣ್ಣನ ಹೆಸರಿನಲ್ಲಿ ಹೊಳೆಯುವ ಅರಮನೆ! ಅದನ್ನು ಹೇಳಲೆಂದೇ ಅವನು ಮತ್ತೆ ಜೀವ ತಳೆದು ಎದ್ದು ಬಂದ.

ಒಳಗೆ ಸೋರುವ ಕಡೆಯೆಲ್ಲ ಪಾತ್ರೆ ಇಡುತ್ತಿದ್ದ ಶೋಶಾಮ್ಮ ಬಾಗಿಲಿಗೆ ಬಂದಳು.

"ಕೇಳ್ರಪ್ಪಾ ಹುಡುಗ್ರಾ. ಮನೆ ಕಟ್ತೀನಿ ಅಂತ ಹೇಳಿ ಮನೆ ಕಟ್ಟದೇ ಇರೋರು, ಕೇಳಿದ್ರೆ ಸ್ವರ್ಗದಲ್ಲಿ ಕಟ್ಟಿದೀನಿ ಹೋಗಿ ನೋಡು ಅನ್ನೋರು. ಗುರುಗೆ ತಕ್ಕ ಶಿಷ್ಯ ನಿಮ್ಮ ಆಶಾನ್! ನನ್ನ ಹೆಂಚಿನ ಮನೆ ನೋಡೋಕೆ ನಾನು ಸಾಯ್ಬೇಕಷ್ಟೇ."

ಹುಡುಗರು ಬಿದ್ದು ಬಿದ್ದು ನಕ್ಕರು. ಚುಮ್ಮಾರನೂ ನಕ್ಕ. ಅವನು ನಕ್ಕಿದ್ದೇ ಅವಳನ್ನು ಇನ್ನಷ್ಟು ಉರಿಸಿತು.

ಇನ್ನೊಂದು ಸಲ, ದೊಡ್ಡ ಮನೆತನದ ಮದುವೆಗೆ ಆಟವಿತ್ತು. ಶೋಶಾಮ್ಮ ಅವನ ನವಿಲುಗರಿಯನ್ನು ಭತ್ತದ ಪೆಟ್ಟಿಗೆಯ ತಳಕ್ಕೆ ತುರುಕಿ, ಮಡಿಸಿದ ತಲೆಬಟ್ಟೆಯೊಳಗೆ ಹುಂಜದ ಬಾಲದ ಗರಿ ಇಟ್ಟು ಕಳಿಸಿದಳು. ಅಲ್ಲಿ ಬಟ್ಟೆ ಬಿಚ್ಚಿದಾಗ ಚಪ್ಪರವೆಲ್ಲ ನಗು. ಈ ಸಲವಾದರೂ ಬಂದು ಬೈಯುತ್ತಾನೆ, ಕೈಯೆತ್ತಿದರೂ ಪರವಾಗಿಲ್ಲ, ನನ್ನ ಮುಖ ನೋಡಿ ಒಂದು ಮಾತಾದರೂ ಆಡುತ್ತಾನೆ ಎಂದು ಕಾದಳು. ಅವನೋ ಹುಂಜದ ಗರಿ ಸಿಕ್ಕಿಸಿಕೊಂಡೇ ಕುಣಿದು ಬಂದಿದ್ದ. "ಹುಂಜ ಕೂಗೋದ್ರೊಳಗೆ ಮೂರು ಸಲ ಯೇಸು ಗೊತ್ತೇ ಇಲ್ಲ ಅಂದನಲ್ಲ ಶ್ಲೀಹ ಪೇತ್ರ, ಅವನಿಗೂ ಹುಂಜಕ್ಕೂ ನಂಟಿದೆ. ಇವತ್ತು ಅವನೂ ಆಟಕ್ಕೆ ಬಂದ ಅಂದ್ಕೊಂಡೆ," ಎಂದು ಗರಿಯನ್ನು ಅವಳ ಕೈಗೇ ಕೊಟ್ಟು ಮಲಗಿದ. ಅವಳು ಅಡುಗೆಮನೆಯಲ್ಲಿ ಕೂತು ಅತ್ತಳಂತೆ.

ಮಗಳು ಮದುವೆಯಾಗಿ ಕುಟ್ಟನಾಡಿನ ಕಡೆ ಹೋದಳು, ಅತ್ತೆ ತೀರಿಕೊಂಡಳು. ಮನೆ ಖಾಲಿಯಾದಷ್ಟೂ ಶೋಶಾಮ್ಮನ ಕಣ್ಣು ಗಂಡನ ಮೇಲೆ ನೆಟ್ಟಿತು. ಆಗ ದೋಣಿಯ ಪೈಲಿ ಮೀನು ಕೊಡಲು ಬಂದವನು ಬಾಯಿ ತಪ್ಪಿ ಒಂದು ಮಾತು ಬೀಳಿಸಿದ.

"ಆಶಾನ್ ಈಗ ವಾರ ವಾರ ಕುದುರಿನಲ್ಲಿ ಇಳೀತಾರೆ ಚೇಟತ್ತಿ. ನೈತಿಯ ಮನೆಗೆ."

ಹಿನ್ನೀರಿನ ನಡುವೆ ನಾಲ್ಕಾರು ಮನೆಗಳಿರುವ ಸಣ್ಣ ದ್ವೀಪದಂಥ ಕುದುರು ಅದು. ಅಲ್ಲಿ ಮಾರ್ಗಂಕಳಿ ಕಲಿಸುವ ಶಿಷ್ಯರು ಯಾರೂ ಇಲ್ಲವೆಂದು ಶೋಶಾಮ್ಮನಿಗೆ ಗೊತ್ತಿತ್ತು. ನೈತಿ ಗಂಡ ಸತ್ತವಳು ಎಂಬುದೂ ಗೊತ್ತಿತ್ತು.

ಅವಳು ಮೀನು ಆರಿಸುವುದನ್ನು ಬಿಟ್ಟು ಎದ್ದಳು. "ನಡಿ, ನನ್ನನ್ನೂ ಅಲ್ಲಿ ಇಳಿಸು."

"ಅಯ್ಯೋ, ನಾನು ಹೇಳ್ದೆ ಅಂತ..."

"ನೀನು ಹೇಳಿದ್ದನ್ನ ನಾನು ನಂಬಿಲ್ಲ ಕಣೋ. ಕಣ್ಣಾರೆ ನೋಡಿ, ಕೈಯಾರೆ ಮುಟ್ಟಿ ಆಮೇಲೆ ನಂಬ್ತೀನಿ. ನಡಿ."

ದಾರಿಯುದ್ದಕ್ಕೂ ಅವಳ ಮನಸ್ಸಿನಲ್ಲಿ ಒಂದು ಚೆಲುವೆ ಬೆಳೆಯುತ್ತಿದ್ದಳು. ಉದ್ದ ಕೂದಲು, ತೆಳು ಸೊಂಟ, ಜೇನಿನಂಥ ಮಾತು. ಕುದುರಿನಲ್ಲಿ ಇಳಿದು ತೆಂಗಿನ ಮರಗಳ ಸಂದಿಯಿಂದ ನೋಡಿದರೆ, ಜಗಲಿಯಲ್ಲಿ ತನಗಿಂತ ಹತ್ತು ವರ್ಷ ದೊಡ್ಡವಳಾದ ದಪ್ಪನೆಯ ಹೆಂಗಸೊಬ್ಬಳು ಕೂತು, ಕೊಳೆಹಾಕಿದ ತೆಂಗಿನ ಸಿಪ್ಪೆಯನ್ನು ನಾರು ಬಿಡಿಸಲು ಕೊಡತಿಯಿಂದ ಬಡಿಯುತ್ತಿದ್ದಾಳೆ. ಬಾಯಲ್ಲಿ ಎಲೆಯಡಿಕೆ, ಕೆಸರು ಮೆತ್ತಿದ ಕಾಲು. ಬಡಿತದ ತಾಳಕ್ಕೆ ಒಂದು ಸಾಲು ಹಾಡುತ್ತಾಳೆ, ಜಗಲಿಯ ಇನ್ನೊಂದು ತುದಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತ ಚುಮ್ಮಾರ್ ಅದನ್ನು ತಿರುಗಿ ಹೇಳುತ್ತಾನೆ. ಅವನು ತಪ್ಪಿದರೆ ಅವಳು ಕೊಡತಿ ನಿಲ್ಲಿಸಿ, "ಅಲ್ಲ, ಮತ್ತೆ ಹೇಳು," ಎನ್ನುತ್ತಾಳೆ.

ಶೋಶಾಮ್ಮನಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಅವಳು ನೋಡಿದ್ದು ಗಂಡನ ಮುಖವನ್ನು. ಅಷ್ಟು ಅರಳಿದ, ಅಷ್ಟು ಎಚ್ಚರದ ಆ ಮುಖವನ್ನು ತನ್ನ ಮನೆಯಲ್ಲಿ ಅವಳು ಒಂದು ದಿನವೂ ಕಂಡಿರಲಿಲ್ಲ. "ಅವನು ಅವಳ ಮಗ್ಗುಲಲ್ಲಿ ಮಲಗಿದ್ದು ಕಂಡಿದ್ರೂ ನಂಗೆ ಅಷ್ಟು ಉರೀತಿರ್ಲಿಲ್ಲ ಕೊಚ್ಚೇ," ಎಂದು ಎಷ್ಟೋ ವರ್ಷದ ಮೇಲೆ ನನಗೆ ಹೇಳಿದಳು. ಕೊಚ್ಚು ಎಂದರೆ ಚಿಕ್ಕವಳು. ನನ್ನನ್ನು ಹಾಗೆಯೇ ಕರೆಯುತ್ತಿದ್ದಳು, ನಾವೆಲ್ಲ ಅವಳನ್ನು ಚೇಟತ್ತಿ, ಅಂದರೆ ಅಕ್ಕ, ಎನ್ನುತ್ತಿದ್ದೆವು.

ನೈತಿಯೇ ಅವಳನ್ನು ಮೊದಲು ಕಂಡಳು.

"ಓ, ಮನೆಯವಳು ಬಂದಳಲ್ಲಾ! ಬಾ, ಕೂತ್ಕೋ. ನಿನ್ನ ಗಂಡನ್ನ ಕಟ್ಟಿಹಾಕಿಲ್ಲ. ಹಾಡಿನ ಒಂದು ಪಾದ ಬಾಕಿ ಇದೆ, ಮುಗಿಸಿ ಕಳಿಸ್ತೀನಿ."

"ಕೂರೋಕೆ ಬಂದಿಲ್ಲ. ಇಪ್ಪತ್ತೈದು ವರ್ಷ ಮೀನು ಸಾರು ಮಾಡಿ ಹಾಕಿದ್ರೂ ಇವರ ಕಿವಿ ನನ್ನ ಕಡೆ ತಿರುಗಲಿಲ್ಲ. ಸಿಪ್ಪೆ ಬಡೀತಾ ತಿರುಗಿಸಿದ್ರಲ್ಲ, ಅದ್ಹೇಗೆ ಅಂತ ನೋಡ್ಕೊಂಡು ಹೋಗೋಕೆ ಬಂದೆ."

ನೈತಿ ಎಲೆಯಡಿಕೆ ಉಗಿದು ಜೋರಾಗಿ ನಕ್ಕಳು. ಚುಮ್ಮಾರ್ ತಲೆ ತಗ್ಗಿಸಿಕೊಂಡು ಎದ್ದ.

ಹಿಂದಿರುಗುವಾಗ ದೋಣಿಯಲ್ಲಿ ಅವನೇ ಬಾಯಿ ಬಿಟ್ಟ. ನೈತಿಯ ಅಪ್ಪ ಹಳೆಯ ಕಾಲದ ದೊಡ್ಡ ಆಶಾನ್, ಚುಮ್ಮಾರನಿಗೂ ಗುರು. ಕೊನೆಯ ಪಾದಕ್ಕೆ ಅವನದೊಂದು ಬೇರೆಯೇ ಧಾಟಿಯಿತ್ತು, ಅದು ಶಿಷ್ಯರಲ್ಲಿ ಯಾರಿಗೂ ಉಳಿದಿಲ್ಲ. ಹೆಂಗಸರಿಗೆ ಆಟವಿಲ್ಲವೆಂದು ಅವಳಿಗೆ ಯಾರೂ ಕಲಿಸಿರಲಿಲ್ಲವಾದರೂ ಕೇಳಿ ಕೇಳಿ ಅವಳ ನಾಲಿಗೆಯಲ್ಲಿ ಕೂತುಬಿಟ್ಟಿತ್ತು.

"ನನಗೆ ಯಾಕೆ ಹೇಳ್ಲಿಲ್ಲ?"

"ನೀನು ಶ್ಲೀಹನ ಹೆಸರೆತ್ತಿದ್ರೆ ಸಿಡೀತೀಯ. ನೀನೂ ಅವನ ಥರಾನೇ ಅನುಮಾನದೋಳು. ಎಲ್ರೂ ಶಿಲುಬೆ ಮೇಲೆ ಸತ್ತ ಯೇಸು ಎದ್ದು ಬಂದಿದ್ದನ್ನ ನೋಡಿದೀವಿ ಅಂದ್ರೂ, ಗಾಯದಲ್ಲಿ ಬೆರಳಿಡೋ ತನಕ ನಂಬಲ್ಲ ಅಂದನಲ್ಲ."

"ಅದು ಅನುಮಾನ ಅಂತ ಯಾರು ಹೇಳಿದ್ದು ನಿಮಗೆ?" ಶೋಶಾಮ್ಮ ಗಂಡನ ಕಡೆಗೆ ತಿರುಗಿ ಕೂತಳು. "ಯೇಸು ಎಲ್ಲಾರಿಗೂ ಕಾಣಿಸ್ಕೊಂಡು, ಅವನೊಬ್ಬ ಹೊರಗೆ ಹೋಗಿದ್ದಾಗ ನೋಡ್ಕೊಂಡು ಬಂದು ಹೋಗಿಬಿಟ್ರೆ? ಹೊಟ್ಟೆಕಿಚ್ಚು ರೀ ಅದು! ನಂಬಿಕೆ ಇಲ್ದೆ ಅಲ್ಲ. ಅವರಿಗೆಲ್ಲ ಸಿಕ್ಕಿದ್ದು ನಂಗ್ಯಾಕೆ ಸಿಗಲಿಲ್ಲ ಅಂತ. ನಂಗೂ ಮುಟ್ಟೋಕೆ ಕೊಡು ಅಂತ ಹಟ ಹಿಡಿದ. ಪಾಪ."

ಚುಮ್ಮಾರ್ ಬಾಯಿ ತೆರೆದು ಹೆಂಡತಿಯನ್ನೇ ನೋಡಿದ. ಆಮೇಲೆ ನಕ್ಕ. ಪೈಲಿ ಹುಟ್ಟು ಹಾಕುವುದನ್ನು ಮರೆಯುವಷ್ಟು ನಕ್ಕ. "ಇದನ್ನ ನನ್ನ ಆಶಾನ್ ಹೇಳಿಕೊಡ್ಲಿಲ್ಲ ಕಣೇ," ಎಂದ. ಆ ದಿನ ಮನೆಗೆ ಬಂದ ಮೇಲೂ ಎರಡು ಸಲ ಅದನ್ನೇ ಹೇಳಿಸಿ ಕೇಳಿದ. ಶೋಶಾಮ್ಮನಿಗೆ ಮದುವೆಯಾದಂದಿನಿಂದ ಅಷ್ಟು ಸುಖದ ಸಂಜೆ ಇನ್ನೊಂದಿರಲಿಲ್ಲ. ಆದರೆ ಮುಂದಿನ ವಾರ ಅವನು ಮತ್ತೆ ಕುದುರಿಗೆ ಹೋದ. ಅವಳು ಮತ್ತೆ ಪಾತ್ರೆ ಕುಕ್ಕಿದಳು.

ನಾನು ಸೊಸೆಯಾಗಿ ಬಂದ ವರ್ಷವೇ ಚುಮ್ಮಾರಾಶಾನ್ ಬಿದ್ದಿದ್ದು. ಒಂದು ಮದುವೆ ಚಪ್ಪರದಲ್ಲಿ, ಆಟದ ನಡುವೆ, ದೀಪದ ಪಕ್ಕದಲ್ಲೇ ಕುಸಿದರು. ಬಲಗೈ, ಬಲಗಾಲು, ನಾಲಿಗೆ ಮೂರೂ ಹೋದವು. ದೋಣಿಯಲ್ಲಿ ಮಲಗಿಸಿ ಮನೆಗೆ ತಂದರು. ಊರೆಲ್ಲ ಶೋಶಾಮ್ಮನನ್ನು ಸಮಾಧಾನ ಮಾಡಲು ಬಂದರೆ, ಅವಳ ಮುಖದಲ್ಲಿ ನಾವು ನಿರೀಕ್ಷಿಸದೇ ಇದ್ದದ್ದೊಂದು ಕಂಡಿತು. ಸಂತೋಷ ಎಂದರೆ ತಪ್ಪಾಗುತ್ತದೆ. ಬಹುಕಾಲ ವ್ಯಾಜ್ಯದಲ್ಲಿದ್ದ ಹೊಲ ಕೈಗೆ ಬಂದವರ ಮುಖದಲ್ಲಿ ಇರುತ್ತದಲ್ಲ, ಅಂಥದ್ದು.

ಅವಳು ಗಂಡನನ್ನು ಮಗುವಿನಂತೆ ಮೀಯಿಸಿದಳು, ತಲೆ ಬಾಚಿದಳು, ಗಂಜಿಯನ್ನು ಬಟ್ಟಲಿಂದ ಬಾಯಿಗೆ ಹನಿಹನಿಯಾಗಿ ಬಿಟ್ಟಳು. ಶಿಷ್ಯರು ನೋಡಲು ಬಂದರೆ ಬೇಲಿಯ ಗೇಟಿನಿಂದಲೇ ವಾಪಸ್. "ಆಶಾನ್ ಮಲಗಿದಾರೆ." ನೈತಿ ಪೈಲಿಯ ಕೈಲಿ ಹೇಳಿಕಳಿಸಿದಳು, ಒಮ್ಮೆ ಬಂದು ನೋಡಲೇ ಎಂದು. "ಬೇಡ ಅನ್ನು," ಎಂದಳು ಶೋಶಾಮ್ಮ. ನನ್ನೆದುರೇ ಗಂಡನ ತುಟಿ ಒರೆಸುತ್ತ, "ಈಗ ಪೂರ್ತಿ ನನ್ನೋರು. ಇನ್ನು ಯಾವ ಶ್ಲೀಹ ಬಂದು ಕರ್ಕೊಂಡು ಹೋಗ್ತಾನೋ ನೋಡೋಣ," ಎಂದಳು.

ಕ್ರಿಸ್ಮಸ್ ಕಳೆಯುವಷ್ಟರಲ್ಲಿ ಆಶಾನ್ ಗೋಡೆಯ ಕಡೆ ಮುಖ ತಿರುಗಿಸಿ ಮಲಗತೊಡಗಿದರು. ಗಂಜಿ ಬಾಯಿಂದ ಹೊರಗೆ ಹರಿದುಬರುತ್ತಿತ್ತು. ಹುಳಿ ಹಾಕಿ ಕೆಂಪಗೆ ಕುದಿಸಿದ ಮೀನು ಸಾರು ಮಾಡಿದಳು. ಹಬ್ಬಕ್ಕಷ್ಟೇ ಮಾಡುವ ಅಕ್ಕಿ ಹಿಟ್ಟಿನ ಉಂಡೆ, ಕೋಳಿ ಸಾರು ಮಾಡಿದಳು. ಮುಟ್ಟಲಿಲ್ಲ. ಒಂದು ಸಂಜೆ ನಾನು ಮೊಸರು ಕೊಡಲು ಹೋದಾಗ, ಅವಳು ಹಾಸಿಗೆಯ ಬದಿಯಲ್ಲಿ ಕೂತು ಮಾರ್ಗಂಕಳಿಯ ಸಾಲೊಂದನ್ನು ಹಾಡಲು ನೋಡುತ್ತಿದ್ದಳು. ಅವಳ ದನಿ ಒಡೆದ ಮಡಕೆಯದು, ತಾಳ ಅವಳ ಹತ್ತಿರ ಸುಳಿಯುತ್ತಿರಲಿಲ್ಲ. ಆಶಾನ್ ಕಣ್ಣು ಮುಚ್ಚಿ, ಸರಿಯಿದ್ದ ಎಡಗೈಯನ್ನು ಕಿವಿಯ ಮೇಲಿಟ್ಟುಕೊಂಡರು. ಶೋಶಾಮ್ಮ ನಿಲ್ಲಿಸಿದಳು.

ಮರುದಿನ ಬೆಳಗ್ಗೆ ನನ್ನ ಅಡುಗೆಮನೆ ಬಾಗಿಲಿಗೆ ಬಂದಳು. ಇಗರ್ಜಿಗೆ ಹೋಗುವಾಗ ಉಡುವ ಮಡಿ ಬಟ್ಟೆ ಉಟ್ಟಿದ್ದಳು.

"ಕೊಚ್ಚೇ, ನನ್ನ ಜೊತೆ ದೋಣಿಗೆ ಬಾ. ಒಬ್ಳೇ ಹೋದ್ರೆ ಅರ್ಧ ದಾರೀಲಿ ತಿರುಗಿ ಬಂದುಬಿಡ್ತೀನಿ."

ಕುದುರಿನಲ್ಲಿ ನೈತಿ ಅದೇ ಜಗಲಿಯಲ್ಲಿ ಅದೇ ಸಿಪ್ಪೆ ಬಡಿಯುತ್ತಿದ್ದಳು. ನಮ್ಮನ್ನು ಕಂಡರೂ ಕೊಡತಿ ನಿಲ್ಲಲಿಲ್ಲ.

"ಬರಬೇಡ ಅಂತ ಹೇಳಿಕಳಿಸಿದವಳು ತಾನೇ ಬಂದಿದಾಳೆ. ಏನ್ಸಮಾಚಾರ?"

"ಮನೆಗೆ ಬನ್ನಿ," ಎಂದಳು ಶೋಶಾಮ್ಮ.

"ಯಾಕೆ?"

"ಬನ್ನಿ ಅಂದೆನಲ್ಲ."

"ಯಾಕೆ ಅಂತ ಬಾಯಿಬಿಟ್ಟು ಹೇಳು. ನನ್ನ ಅಪ್ಪನ ಶಿಷ್ಯನನ್ನ ನೋಡೋಕೆ ನನಗೆ ಬಾಗಿಲು ಹಾಕಿದ್ಯಲ್ಲ. ಈಗ ಯಾಕೆ ತೆಗೀತಿದ್ದೀಯ?"

ಶೋಶಾಮ್ಮ ಅಂಗಳದ ಕೆಸರಿನಲ್ಲಿ ನಿಂತೇ ಇದ್ದಳು. ಅವಳ ಕಿವಿಯ ಬಳೆಯಂಥ ದೊಡ್ಡ ಓಲೆಗಳು ಅಲುಗುತ್ತಿದ್ದವು. ಕೊನೆಗೆ ಹೇಳಿದಳು.

"ಅವರಿಗೆ ನಿಮ್ಮ ದನಿ ಬೇಕು. ನಂದು ಬೇಡ. ಕೇಳಿಸ್ಕೊಂಡ್ರಾ? ಸಮಾಧಾನ ಆಯ್ತಾ?"

ನೈತಿ ಕೊಡತಿ ಕೆಳಗಿಟ್ಟಳು. ಸೆರಗಿನಲ್ಲಿ ಕೈ ಒರೆಸಿಕೊಂಡು, ಏಳುವ ಮುಂಚೆ, ನಮ್ಮಿಬ್ಬರನ್ನೂ ನೋಡದೆ ನೀರಿನ ಕಡೆ ನೋಡುತ್ತ ಅಂದಳು.

"ಅಷ್ಟು ಸಲ ಬಂದನಲ್ಲ ನಿನ್ನ ಗಂಡ, ಒಂದು ದಿನಾನೂ ನಾನು ಬಡಿಸಿದ್ದು ಉಣ್ಣಲಿಲ್ಲ. ಮನೇಲಿ ಮೀನು ಸಾರು ಇರತ್ತೆ, ಶೋಶಾ ಕಾಯ್ತಿರ್ತಾಳೆ ಅಂತ ಎದ್ದು ಹೋಗೋನು. ನಾನು ಮಾಡಿಟ್ಟಿದ್ದನ್ನ ಬೆಕ್ಕಿಗೆ ಹಾಕ್ತಿದ್ದೆ. ನಿನಗೊಬ್ಬಳಿಗೇ ಉರೀತಿತ್ತು ಅಂದ್ಕೊಂಡ್ಯಾ?"

ದೋಣಿ ಹತ್ತುವಾಗ ಶೋಶಾಮ್ಮ ನೈತಿಗೆ ಕೈ ನೀಡಿದಳು.

ಅಂದು ಮಧ್ಯಾಹ್ನ ನೈತಿ ಹಾಸಿಗೆಯ ಪಕ್ಕದ ಮಣೆಯ ಮೇಲೆ ಕೂತು ಕೊನೆಯ ಪಾದ ಹಾಡಿದಳು. ತಗ್ಗಿನ, ಒರಟು ದನಿ. ಹಿನ್ನೀರಿನ ಮೇಲೆ ದೂರದಿಂದ ಬಂದಂತಿತ್ತು. ಆಶಾನ್ ಗೋಡೆಯಿಂದ ಮುಖ ತಿರುಗಿಸಿದರು. ಎಡಗೈ ಮೆಲ್ಲಗೆ ಚಾಪೆಯ ಮೇಲೆ ತಾಳ ಹಾಕತೊಡಗಿತು. ನೈತಿ ಬೇಕೆಂದೇ ಒಂದು ಕಡೆ ತಪ್ಪಿದಳು. ಕೈ ತಟ್ಟನೆ ನಿಂತಿತು. ನೈತಿ ನಕ್ಕು ಸರಿಮಾಡಿ ಹಾಡಿದಳು, ಕೈ ಮತ್ತೆ ಶುರುವಾಯಿತು.

ಶೋಶಾಮ್ಮ ಅಡುಗೆಮನೆಯಲ್ಲಿ ಕಾಯಿ ಅರೆಯುತ್ತಿದ್ದಳು. ಅರೆದದ್ದನ್ನೇ ಮತ್ತೆ ಅರೆಯುತ್ತಿದ್ದಳು. "ನೋಡು, ನನ್ನ ಕೈಯಾರೆ ಕರ್ಕೊಂಡು ಬಂದು ಕೂರಿಸಿದೀನಿ," ಎಂದು ಹಲ್ಲು ಕಚ್ಚಿಕೊಂಡು ನನಗೆ ಹೇಳಿದಳು. ಕಣ್ಣಲ್ಲಿ ನೀರಿತ್ತು. ಆ ಸಂಜೆ ಆಶಾನ್ ಒಂದು ಬಟ್ಟಲು ಗಂಜಿ ಪೂರ್ತಿ ಕುಡಿದರು, ಅವಳ ಕೈಯಿಂದ.

ಅಲ್ಲಿಂದಾಚೆ ಪ್ರತಿ ಸೋಮವಾರ ಶೋಶಾಮ್ಮನೇ ಹೋಗಿ ನೈತಿಯನ್ನು ಕರೆತಂದಳು. ಶಿಷ್ಯರಿಗೂ ಗೇಟು ತೆರೆಯಿತು. ನೈತಿ ಹಾಡುವಾಗ ಅವಳು ಒಳಗಿನಿಂದ ಕೊಂಕು ನುಡಿಯುವುದು ಮಾತ್ರ ನಿಲ್ಲಲಿಲ್ಲ. "ಸಾಕು, ಅವರಿಗೆ ಸುಸ್ತಾಗತ್ತೆ." "ಅವರಿಗಲ್ಲ, ನಿನಗೆ ಸುಸ್ತು," ಎಂದು ನೈತಿ ತಿರುಗಿಸಿ ಕೊಡುವಳು. ಆಶಾನ್ ಸೊಟ್ಟ ಬಾಯಲ್ಲೇ ನಗುವರು. ಹೀಗೆ ಮೂರು ಮಳೆಗಾಲ ಬದುಕಿದರು. ಹೋದದ್ದು ಒಂದು ಬೆಳಗ್ಗೆ, ಶೋಶಾಮ್ಮ ತಲೆ ಬಾಚುತ್ತಿರುವಾಗ. ಅಲ್ಲಿ ಬೇರೆ ಯಾರೂ ಇರಲಿಲ್ಲ. ಅದೊಂದು ವಿಷಯದಲ್ಲಿ ಅವಳಿಗೆ ಕೊನೆಯವರೆಗೂ ತೃಪ್ತಿಯಿತ್ತು.

ಮಣ್ಣು ಮಾಡಿದ ಮುಂದಿನ ಸೋಮವಾರ ಅವಳು ಮತ್ತೆ ದೋಣಿಗೆ ಹೊರಟಾಗ ನಾನು ಕೇಳಿದೆ, "ಈಗ ಯಾರಿಗೆ ಹಾಡಿಸ್ತೀರಿ ಚೇಟತ್ತಿ?"

"ನನಗೆ. ನಿನಗೇನು ಕಷ್ಟ?"

ವರ್ಷ ಕಳೆಯುವುದರೊಳಗೆ ನೈತಿ ಕುದುರನ್ನು ಬಿಟ್ಟು ಈ ಮನೆಗೇ ಬಂದಳು. ಒಬ್ಬಳು ಹಜಾರದ ಈ ತುದಿಗೆ, ಇನ್ನೊಬ್ಬಳು ಆ ತುದಿಗೆ. ದಿನವಿಡೀ ಜಗಳ. ಮಳೆ ಬಂದರೆ ಇಬ್ಬರೂ ಸೋರದ ಒಂದೇ ಮೂಲೆಯಲ್ಲಿ.

ಆಗಲೇ ಶಾಲೆಯ ಹೆಣ್ಣುಮಕ್ಕಳು ಮಾರ್ಗಂಕಳಿ ಆಡಲು ಶುರುಮಾಡಿದ್ದು. ಶಾಲೆಗಳ ಸ್ಪರ್ಧೆಗೆಂದು ಸಿಸ್ಟರೊಬ್ಬರು ಹುಡುಗಿಯರನ್ನು ಕಟ್ಟಿಕೊಂಡು ನೈತಿಯನ್ನು ಹುಡುಕಿ ಬಂದರು. ಹೆಂಗಸರಿಗಿಲ್ಲದ ಆಟ ತನ್ನ ಕೊನೆಗಾಲದಲ್ಲಿ ಬಾಗಿಲಿಗೆ ಬಂದದ್ದು ನೋಡಿ ನೈತಿಗೆ ನಂಬಲಾಗಲಿಲ್ಲ. ಹುಡುಗಿಯರ ಕೆನ್ನೆ ಸವರಿದಳು, ಒಬ್ಬೊಬ್ಬಳ ಹೆಸರು ಕೇಳಿದಳು. ಅವಳ ಮುಖ ಅರಳಿತ್ತು. ಶೋಶಾಮ್ಮ ಅದನ್ನು ನೋಡಿದಳು.

"ಸೋಮವಾರ ಆಗಲ್ಲ ಸಿಸ್ಟರ್," ಎಂದಳು.

"ಯಾಕಮ್ಮಾ?"

"ಸೋಮವಾರ ಅವಳು ನನಗೆ ಹಾಡ್ತಾಳೆ. ಬೇರೆ ದಿನ ಬೇಕಿದ್ರೆ ಕರ್ಕೊಂಡು ಬನ್ನಿ ನಿಮ್ಮ ಮಕ್ಕಳನ್ನ. ಕಲಿಯೋದು ಇಲ್ಲೇ, ನನ್ನ ಕಣ್ಣೆದುರು. ಶಾಲೆಗೆ ಗೀಲೆಗೆ ಅಂತ ಅವಳನ್ನ ಹೊರಗೆ ಕಳಿಸಲ್ಲ."

ಸಿಸ್ಟರ್ ನೈತಿಯ ಮುಖ ನೋಡಿದರು. "ಅವಳು ಹೇಳಿದ ಹಾಗೆ," ಎಂದಳು ನೈತಿ, ಎಲೆಗೆ ಸುಣ್ಣ ಹಚ್ಚುತ್ತ.

ಹುಡುಗಿಯರು ಆ ವರ್ಷ ಬಹುಮಾನ ಗೆದ್ದರು. ಪತ್ರಿಕೆಯಲ್ಲಿ ಚಿತ್ರ ಬಂತು. ಹುಡುಗಿಯರ ನಡುವೆ ನೈತಿ ರಾಣಿಯಂತೆ ಕೂತಿದ್ದಾಳೆ, ಪಕ್ಕದಲ್ಲಿದ್ದ ಶೋಶಾಮ್ಮನ ಅರ್ಧ ಮುಖ, ಒಂದು ಕಿವಿಯ ಓಲೆ ಮಾತ್ರ ಬಂದಿದೆ. ಅವಳು ವಾರವಿಡೀ ನೈತಿಯ ಜೊತೆ ಮಾತಾಡಲಿಲ್ಲ. ನಾನು ಆ ವಾರ ಒಂದು ಮಧ್ಯಾಹ್ನ ಹೋದಾಗ ಇಬ್ಬರೂ ಊಟಕ್ಕೆ ಕೂತಿದ್ದರು. ಶೋಶಾಮ್ಮ ಮುಖ ಆ ಕಡೆ ತಿರುಗಿಸಿಕೊಂಡೇ ಮೀನಿನ ತಲೆಯ ದೊಡ್ಡ ತುಂಡನ್ನು ಸವತಿಯ ತಟ್ಟೆಗೆ ಬಡಿಸಿದಳು.

"ಉಪ್ಪು ಕಮ್ಮಿ," ಎಂದಳು ನೈತಿ, ಮತ್ತು ತಟ್ಟೆಯಲ್ಲಿ ಏನೂ ಬಿಡದೆ ಉಂಡಳು.